ಹನ್ನೆರಡು ವಾದಕರನ್ನು ಹೊತ್ತ ಟೇಪು

ನಾನು ಒಂದು ಟೇಪ್ ಸುರುಳಿ. ಕಾರ್ಖಾನೆಯಿಂದ ಖಾಲಿಯಾಗಿ ಹೊರಟ ನನಗೆ ದನಿ ಬಂದದ್ದು ೧೯೭೮ರಲ್ಲಿ, ಮದರಾಸಿನ ಒಂದು ಸ್ಟುಡಿಯೋದಲ್ಲಿ. 'ಉಪ್ಪಿನ ದೋಣಿ' ಎಂಬ ಚಿತ್ರಕ್ಕಾಗಿ ಸಂಗೀತ ನಿರ್ದೇಶಕ ವಾಮನಮೂರ್ತಿಗಳು ಹನ್ನೆರಡು ವಾದಕರನ್ನು ಕೂರಿಸಿಕೊಂಡು ಹಿನ್ನೆಲೆ ಸಂಗೀತ ನುಡಿಸಿದರು. ಪಿಟೀಲು ಹಿಡಿದಿದ್ದ ಮಂಗಳೂರಿನ ಫಿಲೋಮಿನಾಗೆ ಆಗ ಇಪ್ಪತ್ತೆರಡು. ಆಕೆ ನುಡಿಸಿ ಮುಗಿಸಿದಾಗ ಮೂರ್ತಿಗಳು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಚಿತ್ರ ತೆರೆ ಕಾಣಲೇ ಇಲ್ಲ. ನಿರ್ಮಾಪಕರು ತೀರಿಕೊಂಡರು, ರೀಲುಗಳು ಎಲ್ಲೋ ಹಾಳಾದವು. ನಾನು ಧ್ವನಿಮುದ್ರಕರ ಟ್ರಂಕಿನಲ್ಲಿ ಬೆಂಗಳೂರಿಗೆ ಬಂದೆ. ಅವರೂ ತೀರಿಕೊಂಡ ಮೇಲೆ ಗುಜರಿ ಅಂಗಡಿ ಸೇರಿದೆ. ತೇವಕ್ಕೆ ನನ್ನ ಸುತ್ತುಗಳು ಒಂದಕ್ಕೊಂದು ಅಂಟಿಕೊಂಡಿದ್ದವು.

ಹಳೆಯ ಧ್ವನಿಗಳನ್ನು ಉಳಿಸುವ ಜುಬೇದಾ ಅಲ್ಲಿ ನನ್ನನ್ನು ಕಂಡಳು. ಡಬ್ಬಿಯ ಮೇಲೆ ಚಿತ್ರದ ಹೆಸರು, ಮೂರ್ತಿಗಳ ಹೆಸರು, ಫಿಲೋಮಿನಾ ಹೆಸರು ಅಷ್ಟೇ ಇದ್ದವು. ಅವಸರದಿಂದ ತಿರುಗಿಸಿದ್ದರೆ ನನ್ನ ಲೇಪ ಕಿತ್ತುಬಂದು ಸಂಗೀತವೂ ಹೋಗುತ್ತಿತ್ತು. ತೇವ ಆರಲೆಂದು ಆಕೆ ಹಣ್ಣು ಒಣಗಿಸುವ ಯಂತ್ರದಲ್ಲಿ ನನ್ನನ್ನಿಟ್ಟು, ಹದವಾದ ಬಿಸಿಯಲ್ಲಿ ಎಂಟು ಗಂಟೆ ಕಾದಳು. ಆಮೇಲೆ ನನ್ನನ್ನು ಟೇಪ್ ರೆಕಾರ್ಡರಿಗೆ ಏರಿಸಿ ಗುಂಡಿ ಒತ್ತಿದಳು. ಪಿಟೀಲು ಹಾಡಿತು! ಅಂಥ ತಾಳ್ಮೆಯ ಕೈಗಳನ್ನು ನಾನು ಬೇರೆ ಕಂಡಿಲ್ಲ.

ಆ ಸಂಗೀತದ ಪ್ರತಿ ಮಾಡಿಕೊಂಡು, ಪಿಟೀಲು ನುಡಿಸಿದವರ ವಿಳಾಸ ಹುಡುಕಿ, ನನ್ನನ್ನೂ ಚೀಲದಲ್ಲಿಟ್ಟುಕೊಂಡು ಮಂಗಳೂರಿಗೆ ಹೋದಳು. ಫಿಲೋಮಿನಾ ಈಗ ಮಕ್ಕಳಿಗೆ ಪಿಟೀಲು ಕಲಿಸುವ ಟೀಚರ್. ಕಣ್ಣು ಮುಚ್ಚಿ ಪೂರ್ತಿ ಕೇಳಿದರು.

"ಮೂರ್ತಿ ಮೇಷ್ಟ್ರು ಇದ್ದಿದ್ದರೆ ಎಷ್ಟು ಖುಷಿ ಪಡುತ್ತಿದ್ದರು ಮಾರಾಯ್ತಿ!"

"ಅವರ ಮಗಳು ಒಪ್ಪಿದಾರೆ. ಇದನ್ನ ಬಿಡುಗಡೆ ಮಾಡ್ತೀನಿ ಟೀಚರ್. ನಿಮ್ಮ ಹೆಸರು ದೊಡ್ಡದಾಗಿ ಹಾಕ್ತೀನಿ."

"ನನ್ನದೊಂದೇ ಬೇಡ. ಹನ್ನೆರಡು ಜನರದ್ದೂ ಹಾಕು. ಪುನಃ ಕೇಳಿಸು, ನಾನು ಹೇಳ್ತೇನೆ."

ಒಬ್ಬೊಬ್ಬರ ಉಸಿರು, ಬೆರಳು ಗುರುತಿಸಿ ಹೆಸರು ಹೇಳಿದರು. ಹನ್ನೊಂದಾಯಿತು. ಖಂಜಿರ ಬಾರಿಸಿದವರ ಹೆಸರು ಮಾತ್ರ ಗೊತ್ತಿರಲಿಲ್ಲ.

"ಅವರು ಬಂದದ್ದು ಆ ಒಂದೇ ದಿನ. ಕೇಳಲಿಕ್ಕೆ ಆಗ್ಲಿಲ್ಲ ನೋಡು," ಎಂದು ನೊಂದುಕೊಂಡರು.

ಸಂಗೀತ ಬಿಡುಗಡೆಯಾಯಿತು, ಹನ್ನೊಂದು ಹೆಸರುಗಳೊಂದಿಗೆ. ಸಾವಿರಾರು ಜನ ಕೇಳಿದರು. ನಾನೀಗ ತಂಪು ಕಪಾಟಿನಲ್ಲಿದ್ದೇನೆ, ಮತ್ತೆ ತಿರುಗುವ ತ್ರಾಣವಿಲ್ಲ. ಇಷ್ಟು ಜನರ ಕೆಲಸವನ್ನು ಕಾಪಾಡಿ ತಂದುಕೊಟ್ಟೆನಲ್ಲ ಎಂಬ ಸಮಾಧಾನವಿದೆ.

ಮೊನ್ನೆ ಕೋಲಾರದಿಂದ ಒಬ್ಬ ಹೆಂಗಸು ಜುಬೇದಾಗೆ ಫೋನ್ ಮಾಡಿದ್ದರು.

"ಮೇಡಂ, ಆ ಖಂಜಿರ ನಮ್ಮಪ್ಪಂದು. ಊಟಕ್ಕೆ ಕೂತ್ರೆ ತಟ್ಟೆ ಮೇಲೂ ಹಂಗೇ ಬಾರಿಸೋರು. ಮುನಿವೀರಪ್ಪ ಅಂತ."

ಜುಬೇದಾ ಪೆನ್ನು ತೆಗೆದುಕೊಂಡು, "ಇನ್ನೊಂದ್ಸಲ ಹೇಳಮ್ಮ, ಸರಿಯಾಗಿ ಬರ್ಕೋತೀನಿ," ಎಂದಳು.