ಬಾಗಿಲ ಬಳಿಯ ಪುಸ್ತಕ

ಸರ್ಕಾರದ ಅನುದಾನದ ಕಚೇರಿಯಿಂದ ನೋಟಿಸ್ ಬಂದದ್ದು ಸೋಮವಾರ. ನನ್ನ ಮಗಳ ಚಿಕಿತ್ಸೆಯನ್ನು ವಾರಕ್ಕೆ ಆರು ಗಂಟೆಯಿಂದ ಒಂದು ಗಂಟೆಗೆ ಇಳಿಸುತ್ತೇವೆ, ಆಕ್ಷೇಪಣೆ ಇದ್ದರೆ ಗುರುವಾರ ಹನ್ನೊಂದು ಗಂಟೆಗೆ ಕಚೇರಿಗೆ ಬನ್ನಿ ಎಂದು ಅದರಲ್ಲಿತ್ತು. ಕೆಳಗೆ ಕಾರಣ ಬರೆದಿದ್ದರು. ಮಗು ತಾನಾಗಿಯೇ ಚಪ್ಪಲಿಯ ಬಕಲ್ ಹಾಕಿಕೊಳ್ಳುತ್ತದೆ, ಬಾಯಾರಿದರೆ ನೀರು ಕೇಳುತ್ತದೆ, ಮಿಕ್ಸಿಯ ಸದ್ದಿಗೆ ಓಡಿಹೋಗುವುದಿಲ್ಲ. ಆದ್ದರಿಂದ ಗಣನೀಯ ಪ್ರಗತಿ.

ಬಕಲ್ ಸರಿ, ನೀರು ಸರಿ. ಮಿಕ್ಸಿಯ ವಿಷಯ ಇವರಿಗೆ ಹೇಗೆ ಗೊತ್ತಾಯಿತು? ಅದು ನಮ್ಮ ಅಡುಗೆಮನೆಯೊಳಗಿನ ಮಾತು.

"ನೀವೇ ಯಾರ ಹತ್ರಾನೋ ಹೇಳಿರ್ತೀರಿ," ಎಂದಳು ಹೆಂಡತಿ.

"ಸಂಘದೋರಿಗೆ ಹೇಳಿದ್ದೆ. ಇನ್ಯಾರಿಗೂ ಹೇಳಿಲ್ಲ."

"ಹಾಗಾದ್ರೆ ಸಂಘದೋರೇ."

ಸಂಘ ಎಂದರೆ ದೊಡ್ಡದೇನಲ್ಲ. ಆಟಿಸಂ ಇರುವ ಮಕ್ಕಳ ಹನ್ನೊಂದು ಮನೆಯವರು. ಹೋದ ವರ್ಷ ಸರ್ಕಾರದ ಅನುದಾನ ಬರದೆ ನಮ್ಮ ಚಿಕಿತ್ಸಾ ಕೇಂದ್ರ ಎಂಟು ವಾರ ಬೀಗ ಹಾಕಿಕೊಂಡಿತ್ತಲ್ಲ, ಆಗ ಕಟ್ಟಿದ್ದು. ಎಷ್ಟು ಗಂಟೆ ಚಿಕಿತ್ಸೆ ಬೇಕು ಎಂದು ವೈದ್ಯರು ಹೇಳಬೇಕು, ಗುಮಾಸ್ತರಲ್ಲ. ಮಗು ಸ್ವಲ್ಪ ಕಲಿತ ಕೂಡಲೇ ಗಂಟೆ ಕತ್ತರಿಸುವ ನಿಯಮ ಹೋಗಬೇಕು. ನಾವು ಕೇಳಿಕೊಂಡು ಓಡಾಡುತ್ತಿದ್ದದ್ದು ಇಷ್ಟೇ. ಪ್ರತಿ ಭಾನುವಾರ ಟೈಲರಕ್ಕನ ಅಂಗಡಿಯ ಹಿಂದಿನ ಕೋಣೆಯಲ್ಲಿ ಸೇರುತ್ತಿದ್ದೆವು.

ಟೈಲರಕ್ಕ ತಾಯಿಯಲ್ಲ, ಅಕ್ಕ. ಅವಳ ತಮ್ಮನಿಗೆ ಹದಿನೇಳು. ಅಪ್ಪ ಅಮ್ಮ ಹೋದ ಮೇಲೆ ಅವನನ್ನು ಅವಳೇ ಸಾಕುತ್ತಿದ್ದಾಳೆ. ಈ ಸಲ ಹನ್ನೊಂದು ಮನೆಯಲ್ಲಿ ಏಳು ಮನೆಗೆ ನೋಟಿಸ್ ಬಂದಿತ್ತು, ಅವಳ ಮನೆಗೆ ಬಂದಿರಲಿಲ್ಲ. ಸಂಘದ ಬರವಣಿಗೆಯೆಲ್ಲ ಅವಳ ಕೈಯಲ್ಲೇ ಇತ್ತು. ಯಾರ ಮಗು ಏನು ಮಾಡಿತು ಎಂದು ನಾವು ಹರಟುವಾಗ ಅವಳು ತಲೆ ಬಗ್ಗಿಸಿ ಗುಂಡಿ ಹಾಕುತ್ತಾ ಕಿವಿ ಮಾತ್ರ ತೆರೆದಿಟ್ಟುಕೊಂಡಿರುತ್ತಿದ್ದಳು. ಇಷ್ಟು ಸಾಕಲ್ಲ ನನ್ನಂಥವನಿಗೆ.

ಮಂಗಳವಾರ ವೆಲ್ಡಿಂಗ್ ಅಂಗಡಿಯನ್ನು ಪಕ್ಕದವನಿಗೆ ನೋಡಿಕೊಳ್ಳಲು ಹೇಳಿ ಅವಳ ಅಂಗಡಿಗೆ ಹೋದೆ. ಮೇಜಿನ ಮೇಲೆ ಖಾಕಿ ಅಂಗಿಗಳ ರಾಶಿ ಇತ್ತು. ಜೇಬಿನ ಮೇಲೆ ಅದೇ ಕಚೇರಿಯ ಮುದ್ರೆ.

"ಕಚೇರಿಯೋರ ಬಟ್ಟೇನೂ ಹೊಲಿಯೋಕೆ ಶುರು ಮಾಡಿದೀಯಾ ಅಕ್ಕಾ?"

"ಜವಾನರದ್ದು. ಹೋದ ತಿಂಗಳಿಂದ." ಅವಳು ಮೆಷಿನ್ ನಿಲ್ಲಿಸಲಿಲ್ಲ. "ಅಳತೆ ತಗೊಳೋಕೆ ಹೋದಾಗ ನಮ್ಮ ಸಂಘದ ಅರ್ಜೀನ ಕಟ್ಟಿನ ಅಡಿಯಿಂದ ತೆಗೆದು ಮೇಲಿಟ್ಟು ಬಂದೆ. ಇಲ್ಲಾಂದ್ರೆ ಅದು ಅಲ್ಲೇ ಮೊಟ್ಟೆ ಇಡ್ತಾ ಕೂತಿರ್ತಿತ್ತು."

"ಬರೀ ಅರ್ಜೀನೇನಾ ಮೇಲಿಟ್ಟಿದ್ದು?"

ಮೆಷಿನ್ ನಿಂತಿತು. "ಏನು ಹಾಗಂದ್ರೆ?"

"ಏನಿಲ್ಲ. ನಿನ್ನ ತಮ್ಮನ ಗಂಟೆ ಕಡಿಮೆಯಾಗಿಲ್ವಂತಲ್ಲ. ಒಳ್ಳೇದಾಯ್ತು."

ಅವಳು ಹಲ್ಲಿನಲ್ಲಿ ಕಚ್ಚಿದ್ದ ದಾರವನ್ನು ತೆಗೆದು ನನ್ನನ್ನೇ ನೋಡಿದಳು. ಆಮೇಲೆ, "ಗುರುವಾರ ಸಂಘದ ಪರವಾಗಿ ನಾನೇ ಬರ್ತೀನಿ ನಿನ್ನ ಜೊತೆ," ಎಂದಳು. ಬೇಡ ಎನ್ನಲು ನನಗೆ ನೆಪ ಸಿಗಲಿಲ್ಲ.

ಅಂದು ಸಂಜೆ ಮನೆಯಲ್ಲಿ ಬಾಯಿಗೆ ಬಂದದ್ದೆಲ್ಲ ಬೈದೆ. ಚಾಡಿಕೋರಿ, ತಮ್ಮನಿಗೋಸ್ಕರ ಉಳಿದವರ ಮಕ್ಕಳನ್ನು ಮಾರಿಕೊಂಡವಳು, ಇನ್ನೂ ಏನೇನೋ. ಮಗಳು ಬಾಗಿಲ ಸಂದಿಯಲ್ಲಿ ಕೂತು ಚಪ್ಪಲಿಯ ಬಕಲನ್ನು ಬಿಚ್ಚಿ ಹಾಕಿ, ಬಿಚ್ಚಿ ಹಾಕಿ ಆಡುತ್ತಿದ್ದಳು. ಅವಳಿಗೆ ಒಂಬತ್ತು ವರ್ಷ. ಕೇಳಿದ ಮಾತನ್ನು ಕೇಳಿದ ದನಿಯಲ್ಲೇ ತಿರುಗಿ ಹೇಳುತ್ತಾಳೆ, ಒಮ್ಮೊಮ್ಮೆ ಎರಡು ದಿನ ಬಿಟ್ಟು. ಅದಕ್ಕೇ ಅವಳನ್ನು ಗಿಣಿ ಎನ್ನುತ್ತೇವೆ. ಇದು ಗೊತ್ತಿದ್ದೂ ಅವಳೆದುರಿಗೇ ಬಾಯಿ ಬಿಟ್ಟೆ. ಸಿಟ್ಟು ಬಂದಾಗ ನನಗೆ ಕಣ್ಣೂ ಕಾಣಿಸುವುದಿಲ್ಲ.

ಗುರುವಾರ ಬೆಳಿಗ್ಗೆ ಗಿಣಿಯನ್ನು ಕರೆದುಕೊಂಡು ಮೊದಲು ಕೇಂದ್ರಕ್ಕೆ ಹೋದೆ, ಹಾಜರಾತಿಯ ಚೀಟಿ ಬೇಕಿತ್ತು. ಅಲ್ಲಿ ಬಾಗಿಲ ಪಕ್ಕ ಒಂದು ದಪ್ಪ ಪುಸ್ತಕ ದಾರದಲ್ಲಿ ನೇತಾಡುತ್ತಿರುತ್ತದೆ. ಮಗು ಹೊಸದಾಗಿ ಏನಾದರೂ ಮಾಡಿದರೆ ಮನೆಯವರು ಅದರಲ್ಲಿ ಒಂದು ಸಾಲು ಬರೆಯಬೇಕು. ಖುಷಿಯದ್ದು ಮಾತ್ರ ಬರೆಯಿರಿ, ಬೇಜಾರಿನದ್ದು ನನಗೆ ಬಾಯಲ್ಲೇ ಹೇಳಿ ಎಂದು ಟೀಚರ್ ಹೇಳಿದ್ದರು. ನಾನೂ ಕಂಡಕ್ಟರ್ ಒಬ್ಬನೂ ಪೈಪೋಟಿಗೆ ಬಿದ್ದು ಬರೆಯುತ್ತಿದ್ದೆವು. ಅವನು ಮೊಮ್ಮಗನ ಬಗ್ಗೆ ಒಂದು ಸಾಲು ಬರೆದರೆ ನಾನು ಎರಡು. ಟೈಲರಕ್ಕ ಆ ಪೆನ್ನು ಮುಟ್ಟಿದವಳಲ್ಲ, ಇನ್ನು ಮೂರು ಮನೆಯವರೂ ಅಷ್ಟೇ. "ಕಾಗದ ಎಲ್ಲಿಗೆ ಹೋಗುತ್ತೋ ಏನೋ, ಅಷ್ಟೊಂದು ಬರೀಬೇಡ ತಮ್ಮಾ," ಎಂದು ಒಂದು ಸಲ ನನಗೂ ಹೇಳಿದ್ದಳು. ಹೊಟ್ಟೆಕಿಚ್ಚು ಎಂದುಕೊಂಡಿದ್ದೆ.

ಈಗ ಮೊಳೆಯಲ್ಲಿ ದಾರದ ತುಂಡು ಮಾತ್ರ ಇತ್ತು. ಕತ್ತರಿಯಿಂದ ನೀಟಾಗಿ ಕತ್ತರಿಸಿದ ದಾರ.

"ಪುಸ್ತಕ ಎಲ್ಲಿ ಟೀಚರ್?"

"ಟೈಲರಮ್ಮ ತಗೊಂಡು ಹೋದ್ರಲ್ಲ, ಈಗ ಅರ್ಧ ಗಂಟೆ ಆಯ್ತು. ಕಚೇರಿಗೆ ಬೇಕು ಅಂದ್ರು."

ನನಗೆ ಇನ್ನು ಸಾಕ್ಷಿ ಬೇಕಿರಲಿಲ್ಲ.

ಕಚೇರಿಯ ಮೊದಲ ಮಹಡಿಯ ಬೆಂಚಿನ ಮೇಲೆ ಅವಳು ಆಗಲೇ ಕೂತಿದ್ದಳು, ತೊಡೆಯ ಮೇಲೆ ಬಟ್ಟೆಯ ಚೀಲ. ಒಬ್ಬ ಜವಾನ ಹೊಸ ಖಾಕಿ ಅಂಗಿಯ ತೋಳು ಎತ್ತಿ ಕಂಕುಳು ಬಿಗಿ ಎಂದು ಅವಳಿಗೆ ತೋರಿಸುತ್ತಿದ್ದ. ಏನು ಸಲಿಗೆ ನೋಡು ಎಂದುಕೊಂಡೆ. ನಾನು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತೆ. ಗಿಣಿ ನಡುವೆ ಕೂತಳು, ಟೈಲರಕ್ಕನ ಚೀಲದ ಅಂಚನ್ನು ಮುಟ್ಟಿ ನೋಡಿದಳು, ಆಮೇಲೆ ನನ್ನದೇ ದನಿಯಲ್ಲಿ ಹೇಳಿದಳು.

"ಚಾಡಿಕೋರಿ. ತಮ್ಮನಿಗೋಸ್ಕರ ಉಳಿದೋರ ಮಕ್ಕಳನ್ನ ಮಾರ್ಕೊಂಡೋಳು."

ಜವಾನ ತೋಳು ಇಳಿಸಿ ಅತ್ತ ಹೋದ.

"ಯಾರಮ್ಮ ಚಾಡಿಕೋರಿ?" ಎಂದಳು ಟೈಲರಕ್ಕ.

"ಟೈಲರಮ್ಮ," ಎಂದಳು ನನ್ನ ಮಗಳು.

ನೆಲ ಬಾಯಿ ಬಿಡಲಿಲ್ಲ. ಟೈಲರಕ್ಕ ನನ್ನ ಕಡೆ ತಿರುಗಲೂ ಇಲ್ಲ. "ಪಾಪ, ಅವಳಿಗೆ ಎಷ್ಟು ಚೆನ್ನಾಗಿ ಬಾಯಿಪಾಠ ಮಾಡ್ಸಿದೀಯ," ಎಂದಳು, ಅಷ್ಟೇ. ಅಷ್ಟರಲ್ಲಿ ಒಳಗೆ ಕರೆದರು.

ಅಧಿಕಾರಿ ಹೆಂಗಸು, ನನ್ನದೇ ವಯಸ್ಸಿನವರು. ಫೈಲು ತೆರೆದು ಕೆಲವು ಜೆರಾಕ್ಸ್ ಹಾಳೆಗಳನ್ನು ನನ್ನ ಮುಂದೆ ತಳ್ಳಿದರು.

"ಇದು ನಿಮ್ಮ ಅಕ್ಷರಾನಾ ನೋಡಿ."

ನೋಡಿದೆ. ಸೊಟ್ಟ ಅಕ್ಷರ, ಒತ್ತಕ್ಷರಗಳೆಲ್ಲ ಸಾಲಿನಿಂದ ಕೆಳಗೆ ಜಾರಿದ್ದವು. 'ಇವತ್ತು ಮಗಳು ತಾನೇ ಬಕಲ್ ಹಾಕಿಕೊಂಡಳು.' 'ಇವತ್ತು ಮಿಕ್ಸಿ ಹಾಕಿದಾಗ ಓಡಿಹೋಗಲಿಲ್ಲ, ನಿಂತು ನೋಡಿದಳು.' ಅಡಿಯಲ್ಲಿ ಎರಡೆರಡು ಗೆರೆ ಬೇರೆ ಎಳೆದಿದ್ದೆ, ಕಂಡಕ್ಟರನ ಕಣ್ಣಿಗೆ ಬೀಳಲಿ ಎಂದು.

"ಇದನ್ನ ನಿಮಗೆ ಕೊಟ್ಟಿದ್ದು ಯಾರು?" ಎಂದೆ.

"ಕೇಂದ್ರದೋರೇ. ಚಿಕಿತ್ಸೆಯಿಂದ ಉಪಯೋಗ ಆಗ್ತಿದೆ, ಅನುದಾನ ನಿಲ್ಲಿಸ್ಬೇಡಿ ಅಂತ ವರದಿ ಜೊತೆ ಕಳಿಸಿದ್ರು."

ಟೀಚರು ಒಳ್ಳೆಯದಕ್ಕೇ ಕಳಿಸಿದ್ದರು, ನಾನೂ ಒಳ್ಳೆಯದನ್ನೇ ಬರೆದಿದ್ದೆ. ಪೆನ್ನು ಹಿಡಿದವರಿಗೆಲ್ಲ ನೋಟಿಸ್ ಬಂತು. ಹಿಡಿಯದ ಒಬ್ಬಳನ್ನು ನಾನು ಮೂರು ದಿನದಿಂದ ಬೈಯುತ್ತಿದ್ದೆ.

"ನಿಮ್ಮದೇ ತಾನೇ?" ಎಂದು ಮತ್ತೆ ಕೇಳಿದರು.

ಹೂಂ ಎಂದರೆ ಐದು ಗಂಟೆ ಹೋಗುತ್ತದೆ. ಹಾಳೆಯಲ್ಲಿ ನನ್ನ ಸಹಿ ಇರಲಿಲ್ಲ. "ಅಕ್ಷರ ನಂದೇ," ಎಂದೆ, "ಆದ್ರೆ ಸುಮ್ನೆ ಬರೆದಿದ್ದು. ಅಪ್ಪಂದಿರು ಕೊಚ್ಕೊಳ್ಳೋದು ಇರುತ್ತಲ್ಲ ಮೇಡಂ, ಹಾಗೆ. ಇವಳಿಗೆ ಏನೂ ಬರಲ್ಲ."

"ಇವಳಿಗೆ ಏನೂ ಬರಲ್ಲ," ಎಂದಳು ಗಿಣಿ, ನನ್ನ ದನಿಯಲ್ಲಿ. ತಲೆ ಬಗ್ಗಿಸಿ ಕೂತಿದ್ದಳು. ಎಡಗಾಲಿನ ಬಕಲ್ ಬಿಚ್ಚಿಹೋಗಿತ್ತು. ಪಟ್ಟಿಯನ್ನು ತೂರಿಸಿ, ಎಳೆದು, ಕಡ್ಡಿಯನ್ನು ತೂತಿಗೆ ಕೂರಿಸಿದಳು. ಆಮೇಲೆ ಸರಿಯಾಯಿತಾ ಎಂದು ಬೆರಳಿನಿಂದ ತಟ್ಟಿ ನೋಡಿದಳು. "ಏನೂ ಬರಲ್ಲ."

ಮೇಡಂ ಅದನ್ನು ನೋಡಿದರು. ನಾನೂ ನೋಡಿದೆ. ತಿಂಗಳುಗಟ್ಟಲೆ ಕಷ್ಟಪಟ್ಟು ಕಲಿತ ಕೆಲಸವನ್ನು ಅವಳೆದುರಿಗೇ ಇಲ್ಲ ಎಂದಿದ್ದೆ.

"ಸುಳ್ಳು ಹೇಳ್ದೆ," ಎಂದೆ. "ಬರೆದಿದ್ದೆಲ್ಲ ನಿಜ. ಏನು ಕತ್ತರಿಸ್ತೀರೋ ಕತ್ತರಿಸಿ. ಆದ್ರೆ ಇವಳಿಗೆ ಬರುತ್ತೆ."

"ಹಾಗಾದ್ರೆ ಪ್ರಗತಿ ಒಪ್ಪಿದ್ದಾರೆ ಅಂತ ಬರ್ಕೋತೀನಿ," ಎಂದು ಮೇಡಂ ಪೆನ್ನಿನ ಮುಚ್ಚಳ ತೆಗೆದರು.

"ಒಂದು ನಿಮಿಷ." ಟೈಲರಕ್ಕ ಚೀಲದಿಂದ ಆ ದಪ್ಪ ಪುಸ್ತಕ ತೆಗೆದು ಮೇಜಿನ ಮೇಲಿಟ್ಟಳು, ತುದಿಯಲ್ಲಿ ದಾರ ನೇತಾಡುತ್ತಿತ್ತು. ಎರಡು ಪುಟಗಳಿಗೆ ಗುಂಡುಸೂಜಿ ಚುಚ್ಚಿಟ್ಟಿದ್ದಳು. "ನಿಮಗೆ ಬಂದಿದ್ದು ಕೊನೇ ಪುಟಗಳು ಮೇಡಂ. ಇಲ್ಲಿ ನೋಡಿ, ಇವಳು ಬಕಲ್ ಹಾಕ್ಕೊಂಡಳು ಅಂತ ಇವನು ಹೋದ ವರ್ಷಾನೇ ಬರೆದಿದಾನೆ. ಆಮೇಲೆ ಅನುದಾನ ಬರ್ಲಿಲ್ಲ, ಎಂಟು ವಾರ ಕೇಂದ್ರ ಮುಚ್ಚಿತ್ತು. ತೆರೆದ ಮೇಲೆ ಇವನು ಬರೆದಿರೋ ಮೊದಲನೇ ಸಾಲು ಓದಿ."

ಮೇಡಂ ಗಟ್ಟಿಯಾಗಿ ಓದಿದರು. "'ಇವತ್ತು ಕೈ ಕಚ್ಚಿಕೊಳ್ಳಲಿಲ್ಲ.'"

"ಅದಾಗಿ ನಾಲ್ಕು ತಿಂಗಳಿಗೆ ಮತ್ತೆ ಬಕಲ್, ನಿಮ್ಮ ಜೆರಾಕ್ಸಲ್ಲಿ ಇರೋದು. ಒಂದೇ ಬಕಲನ್ನ ಎರಡು ಸಲ ಯಾಕೆ ಕಲೀಬೇಕಾಯ್ತು? ಉಳಿದ ಆರು ಮಕ್ಕಳದ್ದೂ ಹೀಗೇ ಇದೆ, ಸೂಜಿ ಮುಗಿದುಹೋಯ್ತು ಅಂತ ಚುಚ್ಚಲಿಲ್ಲ."

ಮೇಡಂ ಎರಡೂ ಪುಟಗಳ ತಾರೀಕನ್ನು ಬರೆದುಕೊಂಡರು. ನಿಯಮ ನನ್ನ ಕೈಯಲ್ಲಿಲ್ಲ, ಮೇಲಿನವರಿಗೆ ಬರೆಯುತ್ತೇನೆ, ಪುಸ್ತಕ ಪೂರ್ತಿ ನೋಡುವವರೆಗೆ ಏಳು ಮಕ್ಕಳಿಗೂ ಹಳೆಯ ಗಂಟೆಗಳೇ ಇರಲಿ ಎಂದರು.

"ಬರೆದು ಕೊಡಿ," ಎಂದೆ. ಬರೆದು, ಮುದ್ರೆ ಒತ್ತಿ ಕೊಟ್ಟರು.

ಮೆಟ್ಟಿಲು ಇಳಿಯುವಾಗ, "ಪುಸ್ತಕದ ವಿಷಯ ಮೊದಲೇ ಹೇಳ್ಬಾರ್ದಿತ್ತಾ ಅಕ್ಕಾ?" ಎಂದೆ.

"ನಿನ್ನೆ ಅಂಗಿ ಕೊಡೋಕೆ ಬಂದಾಗ ಆ ಜೆರಾಕ್ಸ್ ಕಣ್ಣಿಗೆ ಬಿತ್ತು. ನಿನಗೆ ಹೇಳಿದ್ರೆ ಹೋಗಿ ಟೀಚರ್ ಮೇಲೆ ಕಿರುಚ್ತಿದ್ದೆ. ಪುಸ್ತಕ ಒಲೆಗೆ ಹೋಗ್ತಿತ್ತು."

"ತಪ್ಪಾಯ್ತು."

"ನನ್ನ ಅಂಗಡಿ ಶಟರ್ ಎರಡು ತಿಂಗಳಿಂದ ಸಿಕ್ಕಾಕೊಳ್ತಿದೆ. ನಾಳೆ ಬಂದು ರಿಪೇರಿ ಮಾಡು. ಆಮೇಲೆ ನೋಡೋಣ ತಪ್ಪು ಒಪ್ಪು."

ನಾನು ಮುದ್ರೆಯ ಕಾಗದವನ್ನು ಇನ್ನೊಮ್ಮೆ ಓದುತ್ತಿದ್ದೆ. ಕೆಳಗಿನ ಮೆಟ್ಟಿಲಲ್ಲಿ ನಿಂತುಬಿಟ್ಟೆ. 'ಪುಸ್ತಕ ಪರಿಶೀಲಿಸುವವರೆಗೆ' ಎಂದಿತ್ತು. ಯಾವ ತಾರೀಕಿನೊಳಗೆ, ಯಾರು ಪರಿಶೀಲಿಸುತ್ತಾರೆ, ಎರಡೂ ಇರಲಿಲ್ಲ. ನಾಳೆಯೇ ನೋಡಿ ಮುಗಿಸಿದೆವು ಎಂದರೆ ಏನು ಗತಿ? ಪುಸ್ತಕವೂ ಮೇಲೆಯೇ ಉಳಿದಿತ್ತು, ಅದಕ್ಕೆ ರಸೀದಿ ಇಲ್ಲ.

ಟೈಲರಕ್ಕ ಕಾಗದ ಕಸಿದು ಓದಿದಳು. ಅವಳ ಮುಖದಲ್ಲಿದ್ದ ನಗು ಹೋಯಿತು.

"ನಡಿ," ಎಂದಳು. "ಆದ್ರೆ ಕಿರುಚಬೇಡ."

"ಕಿರುಚಬೇಡ," ಎಂದಳು ಗಿಣಿ, ಟೈಲರಕ್ಕನ ದನಿಯಲ್ಲಿ.

ಬಕಲ್ ಬಿಗಿಯಾಗಿದೆಯೇ ಎಂದು ಅವಳು ತಟ್ಟಿ ನೋಡಿಕೊಳ್ಳುವವರೆಗೆ ಕಾದೆವು. ಆಮೇಲೆ ಮೂವರೂ ತಿರುಗಿ ಮೆಟ್ಟಿಲು ಹತ್ತಿದೆವು.