ಕುಂಕುಮ ನಿಲ್ಲದ ಎಂಜಿನ್

ಪಾಂಡವಪುರದಲ್ಲಿ ಮೆಕ್ಯಾನಿಕ್ ಸುಭಾನನ ಕಿವಿಗಿದ್ದ ಮರ್ಯಾದೆ ತಾಲ್ಲೂಕು ಆಫೀಸಿನ ಮೊಹರಿಗೂ ಇರಲಿಲ್ಲ. ಓಡುವ ಎಂಜಿನ್ನಿಗೆ ಸ್ಕ್ರೂಡ್ರೈವರಿನ ತುದಿ ಒತ್ತಿ, ಹಿಡಿಯನ್ನು ಕಿವಿಗಿಟ್ಟು, ಕಣ್ಣು ಮುಚ್ಚಿ ನಿಂತನೆಂದರೆ ಒಳಗಿನ ಕಾಯಿಲೆ ಹೇಳಿಬಿಡುತ್ತಿದ್ದ. ೧೯೯೬ರಲ್ಲಿ ಟ್ರಾಕ್ಟರ್ ಕಂಪನಿಯೊಂದು, ತಾನು ಮಾರಿದ ಕೆಲವು ಎಂಜಿನ್ನುಗಳ ಎರಕದಲ್ಲಿ ದೋಷವಿರಬಹುದೆಂದು, ತಪಾಸಣೆಗೆ ಸಂತೆಮಾಳದಲ್ಲಿ ಶಾಮಿಯಾನ ಹಾಕಿಸಿತು. ಸುಭಾನನಿಗೆ ನಗು ಬಂತು. ಇಪ್ಪತ್ತು ವರ್ಷ ಪಳಗಿದ ಕಿವಿ ಊರಲ್ಲೇ ಇರುವಾಗ ಇವರದೇನು ದೊಡ್ಡಸ್ತಿಕೆ? ಆದರೂ ನೋಡೋಣವೆಂದು ದಿನಾ ಅಲ್ಲೇ ಇರುತ್ತಿದ್ದ.

ಕ್ಯಾತನಹಳ್ಳಿಯ ಚಲುವರಾಜು, ಅವನ ಹೆಂಡತಿ ಮಾಯಮ್ಮ ತಮ್ಮ ಟ್ರಾಕ್ಟರು ತಂದದ್ದು ಕಡೇ ದಿನ. ದೋಷ ಸಿಕ್ಕರೆ ಹೊಸ ಎಂಜಿನ್ ಪುಕ್ಕಟೆ. ಇವತ್ತು ತಪ್ಪಿದರೆ ಇಲ್ಲ. ಕಂಪನಿಯ ಎಂಜಿನಿಯರ್ ಪ್ರಮೀಳಾ ಆಯಿಲ್ ನೋಡಿದಳು, ಹೊಗೆ ನೋಡಿದಳು, ಏನೂ ಕಾಣಲಿಲ್ಲ. ಸುಭಾನನೂ ಸ್ಕ್ರೂಡ್ರೈವರ್ ಇಟ್ಟು ಕೇಳಿದ.

"ಕಲ್ಲುಗುಂಡು ಇದ್ದಂಗದೆ. ಓಗಿ ಕಬ್ಬು ಒಡೀರಿ ಚಲುವಣ್ಣ."

ಚಲುವರಾಜು ಗಾಡಿ ಹತ್ತಿದ. ಪ್ರಮೀಳಾ 'ಸರಿಯಿದೆ' ಎಂದು ಬರೆಯಲು ಪೆನ್ನು ತೆಗೆದಳು. ಮಾಯಮ್ಮ ಮಾತ್ರ ಕದಲದೆ ಎಂಜಿನ್ನಿನ ಪಕ್ಕೆಗೆ ಬೆರಳಿಟ್ಟಳು.

"ಒಂದ್ ಮಾತು ಕಣವ್ವ. ಶುಕ್ರವಾರ ಶುಕ್ರವಾರ ಗಾಡಿ ತೊಳ್ದು ಎಂಜಿನ್ಗೆ ಮೂರು ಬೊಟ್ಟು ಕುಂಕುಮ ಇಡ್ತೀನಿ. ಎರಡು ನಿಲ್ತವೆ. ಇಲ್ಲಿಟ್ಟಿದ್ದು ಮಾತ್ರ ಗಾಡಿ ಓಡಿ ಬರೋ ಒತ್ಗೆ ಕರಗೋಗಿರ್ತದೆ. ಮಾರಮ್ಮ ಮುನಿಸ್ಕಂಡವ್ಳೆ ಅಂತ ಮೂರ್ ಸಲ ಕಾಯಿ ಒಡ್ಸಿದ್ದೀನಿ."

ಸುಭಾನ್ ನಕ್ಕ. "ಎಂಜಿನ್ ಬಿಸಿಗೆ ಕರಗ್ತದೆ ಬುಡಿ ಮಾಯಕ್ಕ."

"ಬಿಸಿಗಾದ್ರೆ ಮಿಕ್ಕಿದ್ದೆರಡೂ ಕರಗ್ಬೇಕಲ್ವ ಸುಭಾನಣ್ಣ?"

ಪ್ರಮೀಳಾ ನಗಲಿಲ್ಲ. ಆ ಜಾಗವನ್ನು ಚೆನ್ನಾಗಿ ಒರೆಸಿ, ಡಬ್ಬಿಯಿಂದ ಕೆಂಪು ಬಣ್ಣ ಸಿಂಪಡಿಸಿ, ಹತ್ತು ನಿಮಿಷ ಬಿಟ್ಟು ಒಂದು ಚುಕ್ಕೆಯೂ ಉಳಿಯದಂತೆ ಅದನ್ನು ಅಳಿಸಿದಳು. ಮೇಲೆ ಬಿಳಿ ಪುಡಿ ಊದಿದಳು. ಕಬ್ಬಿಣ ವಿಭೂತಿ ಬಳಿದುಕೊಂಡಂತೆ ಬೆಳ್ಳಗಾಯಿತು.

ಎಲ್ಲರೂ ಬಗ್ಗಿದರು. ಮೊದಲು ಏನೂ ಇಲ್ಲ. ಆಮೇಲೆ ಆ ಬಿಳುಪಿನೊಳಗಿಂದ ಕೂದಲೆಳೆಯಷ್ಟು ಕೆಂಪು ಗೆರೆಯೊಂದು ತಾನಾಗಿ ಎದ್ದು ಬಂತು. ಯಾರೂ ಎಳೆಯುತ್ತಿಲ್ಲ, ಯಾರೂ ಮುಟ್ಟುತ್ತಿಲ್ಲ. ಗೆರೆ ಗೇಣುದ್ದ ಬೆಳೆಯಿತು. ಅದರ ನಡು ಮಾಯಮ್ಮ ಬೆರಳಿಟ್ಟು ತೋರಿಸಿದ ಜಾಗದಲ್ಲೇ ಇತ್ತು.

"ಯಾ ಅಲ್ಲಾ," ಎಂದ ಸುಭಾನ್, ತನಗೇ ಕೇಳುವಷ್ಟು. ತಾನು ಇಷ್ಟು ವರ್ಷ ಕಿವಿಗೊಟ್ಟರೂ ಬಾಯಿಬಿಡದ ಗುಟ್ಟನ್ನು ಕಬ್ಬಿಣ ಇವರ ಕಣ್ಣಿಗೆ ಬರೆದು ತೋರಿಸಿತ್ತು.

"ಸೀಳಿನೊಳಗೆ ಇಳಿದಿದ್ದ ಬಣ್ಣಾನ ಪುಡಿ ಹೀರಿ ತೋರಿಸ್ತು. ಬಿಸಿಯಾದಾಗ ಈ ಸೀಳು ಬಿಟ್ಕೊಂಡು ಒಳಗಿನ ನೀರು ಜಿನುಗುತ್ತೆ, ಕುಂಕುಮ ಕರಗುತ್ತೆ," ಎಂದಳು ಪ್ರಮೀಳಾ. "ಕಬ್ಬಿನ ಲೋಡು ಎಳೆದಿದ್ರೆ ಈ ಎಂಜಿನ್ ಒಂದು ತಿಂಗಳೂ ಬಾಳ್ತಿರಲಿಲ್ಲ."

ತನ್ನ ಮಾತು ನಂಬಿ ಹೊರಟೇಬಿಟ್ಟಿದ್ದರಲ್ಲ ಎಂದು ಸುಭಾನನಿಗೆ ನಾಚಿಕೆಯಾಯಿತು. ಬೆರಗು ಅದಕ್ಕಿಂತ ದೊಡ್ಡದಿತ್ತು. ಡಬ್ಬಿಯ ಬಣ್ಣಕ್ಕೆ ಕೈ ಮುಗಿಯಬೇಕೋ, ಈ ಹೆಂಗಸಿನ ಬೆರಳಿಗೋ, ಅವನಿಗೆ ತಿಳಿಯಲಿಲ್ಲ.

ಹದಿನೈದು ದಿನಕ್ಕೆ ಹೊಸ ಎಂಜಿನ್ ಬಂತು. ಸುಭಾನನ ಶೆಡ್ಡಿನಲ್ಲೇ ಕೂರಿಸಿದರು. ಚಲುವರಾಜು ಸ್ಟಾರ್ಟ್ ಮಾಡಿ ಸ್ಕ್ರೂಡ್ರೈವರ್ ಚಾಚಿದ. "ಕೇಳ್ಲಾ ಸುಭಾನ."

ಸುಭಾನ್ ಅದನ್ನು ಜೇಬಿಗಿಳಿಸಿದ. "ಮಾಯಕ್ಕ, ಮೊದ್ಲು ನೀವು ಬೊಟ್ಟಿಡಿ."

ಚಲುವರಾಜು ಗಾಡಿಯನ್ನು ಕ್ಯಾತನಹಳ್ಳಿವರೆಗೆ ಓಡಿಸಿಕೊಂಡು ಬರುವ ತನಕ ಸುಭಾನ್ ಬಾಗಿಲು ಬಿಟ್ಟು ಅಲ್ಲಾಡಲಿಲ್ಲ. ಬಂದೊಡನೆ ಬಗ್ಗಿ ಬೊಟ್ಟು ಎಣಿಸಿದ. ಮೂರೂ ಇದ್ದವು.