ಕೆಳಗಿನಿಂದ ಮೇಲಕ್ಕೆ ಬರೆಯುವ ಭಾಷೆ

ಕಂಪ್ಯೂಟರಿಗೆ ಕೆಲಸ ಹೇಳುವ ಭಾಷೆಗಳು ಲೋಕದಲ್ಲಿ ಬೇಕಾದಷ್ಟಿವೆ. ಅವುಗಳಲ್ಲಿ ಕುಣಿಕೆ ಎಂಬುದನ್ನು ಬಲ್ಲವರೆಲ್ಲ ಒಂದೇ ಕಾರ್ಖಾನೆಯ ಒಂದೇ ಕೋಣೆಯಲ್ಲಿ ಕೂತು ಸ್ವೆಟರ್ ಹೆಣೆಯುತ್ತಿದ್ದರು. ಯಾವ ಸಾಲಿಗೆ ಯಾವ ಬಣ್ಣದ ಉಣ್ಣೆ, ಎಲ್ಲಿ ಅಗಲವಾಗಬೇಕು, ಎಲ್ಲಿ ಕಿರಿದಾಗಬೇಕು ಎಂದು ಹೆಣಿಗೆಯ ಯಂತ್ರಕ್ಕೆ ಹೇಳುವುದಷ್ಟೇ ಆ ಭಾಷೆಯ ಕೆಲಸ. ಅದನ್ನು ಕಟ್ಟಿದವಳು ಚೂಟಿ ಎಂಬ ಹುಡುಗಿಯ ಚಿಕ್ಕಮ್ಮ, ಸ್ಮಾರ್ಟ್‌ಫೋನ್ ಎಂಬುದು ಇನ್ನೂ ಯಾರ ಕನಸಿನಲ್ಲೂ ಇಲ್ಲದಿದ್ದಾಗ.

ಕುಣಿಕೆಗೊಂದು ವಿಚಿತ್ರ ನಡೆಯಿತ್ತು. ಅದನ್ನು ಬರೆಯುವುದು ಕೆಳಗಿನಿಂದ ಮೇಲಕ್ಕೆ. ಮೊದಲ ಸಾಲು ತಳದಲ್ಲಿ, ಎರಡನೆಯದು ಅದರ ಮೇಲೆ, ಮೂರನೆಯದು ಇನ್ನೂ ಮೇಲೆ. ಸ್ವೆಟರ್ ಬೆಳೆಯುವುದೂ ಹಾಗೇ ತಾನೆ ಎಂದು ಚಿಕ್ಕಮ್ಮನ ವಾದ. ದೊಡ್ಡ ದೊಡ್ಡ ಕಂಪನಿಗಳಿಂದ ಬಂದವರು ಇದನ್ನು ನೋಡಿ ಮುಸಿಮುಸಿ ನಕ್ಕು ಹೋಗಿದ್ದರು. ಚಿಕ್ಕಮ್ಮ ಕ್ಯಾರೇ ಅಂದಿರಲಿಲ್ಲ.

ಈಗ ಕುಣಿಕೆ ನಡೆಯುವ ಕಂಪ್ಯೂಟರ್ ಒಂದೇ ಒಂದು ಉಳಿದಿತ್ತು. ಅದೂ ಬೆಳಗಾದರೆ ನಖರಾ ಶುರುಮಾಡುತ್ತಿತ್ತು. ಮಾಲೀಕರು ಚಿಕ್ಕಮ್ಮನನ್ನು ಕರೆದು ಕಡ್ಡಿ ಮುರಿದಂತೆ ಹೇಳಿದರು.

"ನೋಡಮ್ಮ, ಈ ಡಬ್ಬಾ ನಂಬ್ಕೊಂಡು ಕೂರೋಕಾಗಲ್ಲ. ಹೊಸ ಯಂತ್ರ ಬರೋ ಹೊತ್ತಿಗೆ ನಿಮ್ಮ ಭಾಷೆ ಫೋನಲ್ಲಿ ನಡೀಬೇಕು. ಇಲ್ಲಾಂದ್ರೆ ಪೇಟೇಲಿ ಸಿಗೋ ಸಾಫ್ಟ್‌ವೇರ್ ತರಿಸ್ತೀನಿ."

ಅಂದರೆ ಹಳೆಯ ಕಂಪ್ಯೂಟರಿನ ಜೊತೆ ಕುಣಿಕೆಯೂ ಗುಜರಿಗೆ. "ಹೋದ್ರೆ ಹೋಗ್ಲಿ ಬಿಡೆ, ಸಾಕಷ್ಟು ದುಡೀತು," ಎಂದು ಚಿಕ್ಕಮ್ಮ ಮನೆಗೆ ಬಂದು ಹೇಳಿದಳು. ಬಾಯಲ್ಲಿ ಹಾಗಂದರೂ ಮುಖ ಸಣ್ಣಗಾಗಿತ್ತು. ಚೂಟಿ ಅದನ್ನು ಗಮನಿಸಿದಳು. ಫೋನಿಗೆ ಆ್ಯಪ್ ಮಾಡುವುದೇ ಅವಳ ಹೊಟ್ಟೆಪಾಡು. ಚಿಕ್ಕಮ್ಮನ ಭಾಷೆಯೊಂದನ್ನು ಉಳಿಸಲಾಗದಿದ್ದರೆ ಆ ಕಸುಬು ಕಟ್ಟಿಕೊಂಡು ಏನು ಬಂತು?

ಹಟ ಹಿಡಿದು ಕೂತಳು, ಮಾಡಿಯೂ ಮುಗಿಸಿದಳು. ಆದರೆ ಬುದ್ಧಿ ಸ್ವಲ್ಪ ಹೆಚ್ಚೇ ಓಡಿತು ನೋಡಿ, ಅಲ್ಲೇ ಎಡವಟ್ಟಾಯಿತು. ಹೇಗೂ ಹೊಸದಾಗಿ ಬರೆಯುತ್ತಿದ್ದೇನೆ, ಭಾಷೆಯ ಈ ಉಲ್ಟಾ ನಡೆಯನ್ನೂ ನೆಟ್ಟಗೆ ಮಾಡಿಬಿಡೋಣ ಎಂದು, ಮೇಲಿನ ಸಾಲೇ ಮೊದಲು ನಡೆಯುವಂತೆ ತಿದ್ದಿಬಿಟ್ಟಳು. ಚಿಕ್ಕಮ್ಮನಿಗೆ ಒಂದು ಮಾತು ಹೇಳಲೂ ಇಲ್ಲ.

ಹೊಸ ಯಂತ್ರ ಬಂದ ದಿನ ಕೋಣೆಯ ತುಂಬ ಉಣ್ಣೆಯ ಧೂಳು, ಜನ, ಗಲಾಟೆ. ಯಂತ್ರ ಕೂರಿಸಿದ ಕಂಪನಿಯ ಮೆಕ್ಯಾನಿಕ್ ಕೈಕಟ್ಟಿ ನಿಂತಿದ್ದ. ಹೆಣಿಗೆಯವರಲ್ಲೆಲ್ಲ ಹಿರಿಯಳಾದ ಮೇಸ್ತ್ರಿ ಅಕ್ಕ ಫೋನ್ ಹಿಡಿದು, ಬಾತುಕೋಳಿಗಳ ಚಿತ್ರವಿರುವ ತೋಳೊಂದನ್ನು ಬರೆದಳು. ಕೈಗೆ ಅಂಟಿದ ಅಭ್ಯಾಸ, ಹೊಸ ಸಾಲನ್ನೆಲ್ಲ ಹಳೆಯದರ ಮೇಲೇ ಸೇರಿಸಿದಳು. ಯಂತ್ರ ಮೇಲಿನ ಸಾಲನ್ನೇ ಮೊದಲು ಹಿಡಿಯಿತು. ಭುಜದಿಂದ ಶುರುವಾದ ತೋಳು ಮಣಿಕಟ್ಟಿನಲ್ಲಿ ಮುಗಿಯಿತು. ತಿರುಗಿಸಿ ಹಿಡಿದರೆ ಹೆಣಿಗೆಯ ಎಳೆಗಳೇ ಉಲ್ಟಾ, ಸ್ವೆಟರಿನ ಮೈಗೆ ಹೊಂದುವಂತಿರಲಿಲ್ಲ. ಬಾತುಕೋಳಿಗಳಂತೂ ಯಂತ್ರದಿಂದ ತಲೆಕೆಳಗಾಗಿಯೇ ಇಳಿದವು.

"ಇವು ಈಜ್ತಾ ಇಲ್ಲ ಕಣೆ ಚೂಟಿ, ಮುಳುಗ್ತಾ ಇವೆ!" ಎಂದಳು ಮೇಸ್ತ್ರಿ ಅಕ್ಕ. ಕೋಣೆಯೆಲ್ಲ ಗೊಳ್ಳೆಂದು ನಕ್ಕಿತು. ಮಾಲೀಕರು ಮಾತ್ರ ನಗಲಿಲ್ಲ. "ಸಾಕಮ್ಮ. ಸಾಫ್ಟ್‌ವೇರ್‌ನವರಿಗೆ ಫೋನ್ ಮಾಡ್ತೀನಿ," ಎಂದರು.

ಚೂಟಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಚಿಕ್ಕಮ್ಮ ತೋಳನ್ನು ಎತ್ತಿ ನೋಡಿದಳು.

"ನನ್ನ ಭಾಷೇನ ಉಲ್ಟಾ ಮಾಡಿದ್ದು ಯಾರು?"

"ನಾನೇ ಚಿಕ್ಕಮ್ಮ. ಎಲ್ಲರೂ ಮೇಲಿಂದ ತಾನೆ ಬರೆಯೋದು ಅಂತ..."

"ಎಲ್ಲರೂ ಸ್ವೆಟರ್ ಹೆಣೀತಾರೇನೆ?"

ಚೂಟಿ ಮಾಲೀಕರ ಕಡೆ ತಿರುಗಿದಳು. "ಸಾರ್, ಊಟದ ಬಿಡುವು ಮುಗಿಯೋವರೆಗೆ ಟೈಮ್ ಕೊಡಿ. ಸರಿ ಮಾಡ್ತೀನಿ."

ಮೂಲೆಯಲ್ಲಿ ಉಣ್ಣೆಯ ಮೂಟೆಯ ಮೇಲೆ ಕೂತು ಭಾಷೆಯನ್ನು ಮತ್ತೆ ಮೊದಲಿನ ದಾರಿಗೆ ತಂದಳು. ತಂದು, ಪರೀಕ್ಷೆಗೆಂದು ನಾಲ್ಕು ಸಾಲು ಬರೆದವಳಿಗೆ ಆಗ ಹೊಳೆಯಿತು. ಮೇಲಿನಿಂದ ಬರೆಯುವಾಗ, ಬರೆಯುತ್ತಿರುವ ಸಾಲೇ ಕೀಬೋರ್ಡಿನ ಹಿಂದೆ ಅಡಗುತ್ತಿತ್ತು. ಅದನ್ನು ಹೊರಗೆಳೆಯಲು ಅವಳು ಪಟ್ಟ ಪಾಡು ಅಷ್ಟಿಷ್ಟಲ್ಲ. ಈಗ ಹೊಸ ಸಾಲು ಸದಾ ಮೇಲೆ, ಕಣ್ಣೆದುರಿಗೆ. ಮುಗಿದ ಸಾಲುಗಳು ತಾವಾಗಿಯೇ ಕೆಳಗೆ ಸರಿದು ಕೀಬೋರ್ಡಿನ ಅಡಿಗೆ ಹೋಗುತ್ತಿದ್ದವು, ಹೆಣೆದ ಬಟ್ಟೆ ಯಂತ್ರದಿಂದ ಬುಟ್ಟಿಗೆ ಇಳಿದಂತೆ. ಸಾಲನ್ನು ಹೊರಗೆಳೆಯಲೆಂದು ತಾನು ಪಾಡುಪಟ್ಟು ಬರೆದದ್ದನ್ನೆಲ್ಲ ಅಳಿಸಿಹಾಕಿದಳು. ಯಾವುದೂ ಬೇಕಾಗಿರಲಿಲ್ಲ.

ಮೇಸ್ತ್ರಿ ಅಕ್ಕ ಮತ್ತೆ ಬರೆದಳು. ಅವಳ ಹೆಬ್ಬೆರಳು ಎಲ್ಲೂ ತಡವರಿಸಲಿಲ್ಲ. ಯಂತ್ರ ಮಣಿಕಟ್ಟಿನಿಂದ ಹೊರಟಿತು, ಬಾತುಕೋಳಿಗಳು ನೆಟ್ಟಗೆ ಸಾಲು ಹಿಡಿದು ಬಂದವು. ಹೆಣಿಗೆಯವರು ಫೋನ್ ಕೊಡು ಕೊಡು ಎಂದು ಮುಗಿಬಿದ್ದರು. ಮಾಲೀಕರೂ ಇಸಿದುಕೊಂಡು ನಾಲ್ಕು ಸಾಲು ಬರೆದು ನೋಡಿ, "ಹೂಂ. ಬೇರೇದು ಯಾಕೆ ಬೇಕು, ಇದೇ ಇರ್ಲಿ," ಎಂದರು.

ಮೆಕ್ಯಾನಿಕ್ ಹತ್ತಿರ ಬಂದು ಬಗ್ಗಿ ನೋಡಿದ. "ಚೆನ್ನಾಗಿದೆ ರೀ! ಫೋನಿಗೆ ಅಂತಲೇ ಹುಟ್ಟಿಸಿರೋ ಭಾಷೆ. ಯಾರು ಮಾಡಿದ್ದು?"

ಅಷ್ಟೂ ಬೆರಳುಗಳು ಚಿಕ್ಕಮ್ಮನ ಕಡೆ ತಿರುಗಿದವು. ಹೋದ್ರೆ ಹೋಗ್ಲಿ ಅಂದಿದ್ದ ಹೆಂಗಸು ಸೆರಗು ಸರಿಮಾಡಿಕೊಂಡು ಎದ್ದು ನಿಂತಳು.

"ಮಾಡಿದ್ದು ನಾನು. ಫೋನಿಗೆ ತಂದಿದ್ದು ಇವಳು, ನಮ್ಮಕ್ಕನ ಮಗಳು."

"ನಮ್ಮ ಯಂತ್ರ ಕೊಂಡ ಬೇರೆ ಕಾರ್ಖಾನೆಗಳಿಗೂ ಕೊಡ್ತೀರಾ ಅಮ್ಮ?"

"ಕೊಡೋಣ, ಅದಕ್ಕೇನಂತೆ. ಆದ್ರೆ ತಿದ್ದೋಕೆ ಮೊದಲು ನನ್ನನ್ನ ಒಂದು ಮಾತು ಕೇಳ್ಬೇಕು." ಹೀಗೆಂದು ಚಿಕ್ಕಮ್ಮ ಎಲ್ಲರೆದುರೇ ಚೂಟಿಯ ಕಿವಿ ಹಿಂಡಿದಳು.

ಕಿವಿ ಕೆಂಪಾಗಿ ಉರಿಯುತ್ತಿತ್ತು. ಆದರೂ ಚೂಟಿ ಬಿಡಿಸಿಕೊಳ್ಳಲಿಲ್ಲ. ಇವಳು ನನ್ನ ಚಿಕ್ಕಮ್ಮ ಎಂದು ಆ ಕೋಣೆಯಲ್ಲಿದ್ದವರೆಲ್ಲ ಇನ್ನಷ್ಟು ಹೊತ್ತು ನೋಡಲಿ ಅನ್ನಿಸಿತು.